ಮೂರು ಕುದುರೆ ಬೆಲೆಯ ಕೋಟೆ

“ಸಾಧ್ಯಾನೇ ಇಲ್ಲ!”

ಮೇಜಿನ ಸುತ್ತ ಕೂತಿದ್ದ ಮೂವರೂ ಒಟ್ಟಿಗೇ ತಿರುಗಿ ನೋಡಿದರು. ಮನಸ್ಸಿನಲ್ಲಿ ಅಂದುಕೊಂಡ ಮಾತು ಬಾಯಿಂದ ಹೊರಗೆ ಬಂದುಬಿಟ್ಟಿದೆ ಅಂತ ಬಾಗಿಲಲ್ಲಿ ನಿಂತಿದ್ದ ಪುಟ್ಟಿಗೆ ಆಗಲೇ ಗೊತ್ತಾಗಿದ್ದು.

ಅಯ್ಯೋ… ನಂಗೇನಾಯ್ತು!

ಅವಳು ಬಂದಿದ್ದು ಅಕ್ಕನನ್ನು ಕರೆದುಕೊಂಡು ಹೋಗುವುದಕ್ಕೆ, ಅಷ್ಟೇ. ಆಟದ ಸಾಮಾನು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಅಕ್ಕನ ಗುಂಪು ಸೇರುತ್ತಿತ್ತು. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯ ಪಾತ್ರಗಳಾಗಿ ಮಾತಾಡಬೇಕು, ಗೆದ್ದರೋ ಸೋತರೋ ಅನ್ನುವುದನ್ನು ದಾಳ ಹೇಳಬೇಕು. ಇದೇ ಅವರ ಆಟ. ವಾರವಿಡೀ ಹಲ್ಲು ಕೀಳುವ ಡಾಕ್ಟರಾದ ಅಕ್ಕ ಇಲ್ಲಿ ಕೊಡಲಿ ಹಿಡಿದ ವೀರಾಧಿವೀರ. ಪಕ್ಕದಲ್ಲಿದ್ದ ದಪ್ಪ ಮೀಸೆಯ ಡ್ರೈವರ್ ಅಂಕಲ್ ಬಸ್ಸು ಓಡಿಸಿ ನಿವೃತ್ತರಾದವರು. ಆಟದಲ್ಲಿ ಮಾತ್ರ ಮೊಣಕಾಲೆತ್ತರದ ಕುಳ್ಳ ಕೊಳಲುಗಾರ!

ಎದುರಿಗೆ, ಕಥೆ ನಡೆಸುವ ಕುರ್ಚಿಯಲ್ಲಿ, ಅವನು.

“ಏನು ಸಾಧ್ಯ ಇಲ್ಲ?” ಎಂದು ಕೇಳಿದ.

ಎಂಥ ಧ್ವನಿ ಅದು! ತುಂಬಿದ, ತಣ್ಣನೆಯ ಧ್ವನಿ. ಎಲ್ಲೋ ಕೇಳಿದ್ದೀನಿ ಅನ್ನಿಸಿತು ಪುಟ್ಟಿಗೆ. ಆದರೆ ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

“ಈಗ ತಾನೆ ಹೇಳಿದ್ರಲ್ಲ… ಕುದುರೆ ಎಪ್ಪತ್ತು ಚಿನ್ನದ ನಾಣ್ಯ, ಕೋಟೆ ಇನ್ನೂರ ಹತ್ತು ಅಂತ. ಮೂರು ಕುದುರೆ ಬೆಲೆಗೆ ಒಂದು ಕೋಟೆ ಬರುತ್ತಾ?”

“ಬರಬಾರದಾ?”

“ಗೋಡೆ ಕಲ್ಲಿಂದಾ?”

“ಹೌದು.”

“ಕಲ್ಲು ಎಲ್ಲಿಂದ ಬರುತ್ತೆ?”

“…ಬೆಟ್ಟದಿಂದ.”

“ತಾನಾಗೇ ಉರುಳ್ಕೊಂಡು ಬರುತ್ತಾ? ಒಡೆಯೋರು ಬೇಡ್ವಾ, ಸಾಗಿಸೋರು ಬೇಡ್ವಾ? ಪಾಯ ಎಷ್ಟು ಆಳ ತೆಗೆದಿದ್ದೀರಿ?”

ಅವನು ಮುಂದಿದ್ದ ಹಾಳೆಗಳನ್ನು ತಿರುವಿದ. ತಲೆ ಕೆರೆದುಕೊಂಡ.

“ತೆಗೆದೇ ಇಲ್ಲ.”

“ಹಾಗಾದ್ರೆ ಮೊದಲನೇ ಮಳೆಗೇ ನಿಮ್ಮ ಕೋಟೆ ಮಲಗುತ್ತೆ ಬಿಡಿ!”

“ಪುಟ್ಟೀ! ಬಾಯಿ ಮುಚ್ಚೇ!” ಅಕ್ಕ ಕಿರುಚಿದಳು. “ಈಗ ತಾನೆ ಕೊಂಡ್ಕೊಂಡಿದ್ದೀವಿ! ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ನನ್ನ ತಂಗಿ. ಕಟ್ಟಡದ ಕಂಪನೀಲಿ ಖರ್ಚಿನ ಅಂದಾಜು ಹಾಕೋ ಕೆಲಸ. ಯಾರ ಮನೆಗೆ ಹೋದ್ರೂ ಮೊದಲು ಕಂಬ ಎಣಿಸ್ತಾಳೆ.”

ಬೈಯುತ್ತಾನೆ ಅಂದುಕೊಂಡಿದ್ದಳು ಪುಟ್ಟಿ. ಅವನ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

“ಆರು ತಿಂಗಳಿಂದ ನಾನು ಕಾಯ್ತಾ ಇದ್ದಿದ್ದು ನಿಮ್ಮನ್ನೇ!”

ಏನಂದ ಇವನು?

“ಅಂದ್ರೆ… ತಪ್ಪು ತಪ್ಪು ಅಂತ ಮುಖದ ಮೇಲೆ ಹೇಳೋರನ್ನ,” ಅವನು ತಡವರಿಸಿದ. ಕಿವಿಯ ತುದಿ ಕೆಂಪಾಗಿತ್ತು.

ಈ ಆಟ ಅವನೇ ಕಟ್ಟಿದ್ದಂತೆ. ಪುಸ್ತಕ ಬರೆಯುತ್ತಿದ್ದ. ಕತ್ತಿಗೆ ಬೆಲೆ ಹಾಕಿದ್ದ, ಮಂತ್ರಕ್ಕೆ ಹಾಕಿದ್ದ, ಹಾರುವ ಚಾಪೆಗೂ ಹಾಕಿದ್ದ. ಆದರೆ ವೀರರು ಊರೂರು ಅಲೆದು ಬಂದು ನೆಲೆ ನಿಲ್ಲುವ ಮನೆಗಳ ಅಧ್ಯಾಯವೊಂದು ಕೈಗೇ ಹತ್ತಿರಲಿಲ್ಲ. ಎರಡು ತಿಂಗಳಲ್ಲಿ ಆಟಗಳ ದೊಡ್ಡ ಮೇಳ. ಅಲ್ಲಿಗೆ ಒಬ್ಬ ಪ್ರಕಾಶಕಿ ಬಂದು ಆಡಿ ನೋಡುತ್ತಾರೆ. ಹಿಡಿಸಿದರೆ ಪುಸ್ತಕ, ಇಲ್ಲದಿದ್ದರೆ ಇಲ್ಲ.

“ಸಹಾಯ ಮಾಡ್ತೀರಾ?”

“ಇಲ್ಲದ ಊರಿನ ಇಲ್ಲದ ಕೋಟೆಗೆ ಬೆಲೆ ಕಟ್ಟೋಕೆ ನಂಗೆ ಪುರುಸೊತ್ತಿಲ್ಲ,” ಎಂದು ಪುಟ್ಟಿ ಅಕ್ಕನ ಕೈ ಹಿಡಿದು ಹೊರಟಳು.

ದಾರಿಯುದ್ದಕ್ಕೂ ಅವಳು ಬೆರಳಲ್ಲಿ ಏನೋ ಎಣಿಸುತ್ತಲೇ ನಡೆದಳು.

“ಏನೇ ಯೋಚನೆ?” ಅಕ್ಕ ಕೇಳಿದಳು.

“ಏನಿಲ್ಲ… ಎತ್ತಿನ ಗಾಡೀಲಿ ದಿನಕ್ಕೆ ಎಷ್ಟು ಕಲ್ಲು ಸಾಗಿಸಬಹುದು ಅಂತ.”

ಅಕ್ಕ ನಡುಬೀದಿಯಲ್ಲೇ ಬಿದ್ದು ಬಿದ್ದು ನಕ್ಕಳು.

ಸೋಮವಾರ ಬೆಳಿಗ್ಗೆ ರೈಲು ನಿಲ್ದಾಣದಲ್ಲಿ ನಿಂತಿದ್ದಾಗ ಪುಟ್ಟಿಯ ಕೈಲಿದ್ದ ಕಾಫಿ ತುಳುಕಿತು.

“ಪ್ರಯಾಣಿಕರ ಗಮನಕ್ಕೆ…”

ಅದೇ ಧ್ವನಿ! ತುಂಬಿದ, ತಣ್ಣನೆಯ ಧ್ವನಿ! ವರ್ಷಗಳಿಂದ ಪ್ರತಿ ಬೆಳಿಗ್ಗೆ ಅವಳನ್ನು ರೈಲು ಹತ್ತಿಸುತ್ತಿದ್ದವನು ಅವನೇ. ಧ್ವನಿವರ್ಧಕದ ಕಡೆ ತಲೆಯೆತ್ತಿ ನಿಂತವಳ ಮುಖದಲ್ಲಿ ತಾನಾಗಿಯೇ ನಗು ಮೂಡಿತು. ರೈಲು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ!

ಮುಂದಿನ ಶನಿವಾರ ಅಕ್ಕನಿಗಿಂತ ಮೊದಲೇ ಅವಳು ತಯಾರಾಗಿದ್ದಳು.

ಆ ಮೇಲಿನ ಶನಿವಾರಗಳ ಸೊಗಸನ್ನು ಏನೆಂದು ಹೇಳುವುದು! ಆಟ ಮುಗಿದ ಮೇಲೆ ಇಬ್ಬರೂ ಮೇಜಿನ ಮೂಲೆಗೆ ಕೂರುತ್ತಿದ್ದರು. ಆಟದ ಲೋಕದಲ್ಲಿ ಗಾರೆಯವನ ಒಂದು ದಿನದ ಕೂಲಿ ಎಷ್ಟು ಅನ್ನುವಲ್ಲಿಂದ ಅವಳು ಶುರು ಮಾಡಿದಳು. ಅಲ್ಲಿಂದ ಗೋಡೆಗೆ, ಗೋಡೆಯಿಂದ ಗೋಪುರಕ್ಕೆ.

“ಮಂತ್ರವಾದಿ ಬಂದು ಕಲ್ಲನ್ನ ಗಾಳೀಲಿ ಎತ್ತಿ ಇಟ್ರೆ?” ಅವನು ಕೇಳುತ್ತಿದ್ದ.

“ಅವನ ಕೂಲಿ ಹತ್ತು ಆಳಿನಷ್ಟಾದ್ರೂ ಇರುತ್ತಲ್ಲ? ಆದ್ರೂ ಗೋಪುರಕ್ಕೆ ಲಾಭ. ಎತ್ತರ ಹೋದಷ್ಟೂ ಖರ್ಚು ಜಾಸ್ತಿ, ಅಲ್ಲಿ ಅವನನ್ನ ಕರೀಬೇಕು.”

“ಹತ್ತಿರದಲ್ಲಿ ಬೆಂಕಿ ಉಗುಳೋ ಸರ್ಪ ಇದ್ರೆ?”

“ಸೈಟಿನ ಬೆಲೆ ಪಾತಾಳಕ್ಕೆ! ಆದ್ರೆ ಹುಲ್ಲಿನ ಸೂರು ಹಾಕೋ ಹಾಗಿಲ್ಲ. ಹೆಂಚಿನ ಖರ್ಚು ಸೇರಿಸಿ.”

ಅವನು ಪ್ರತಿಯೊಂದಕ್ಕೂ “ಯಾಕೆ?” ಎಂದು ಕೇಳುತ್ತಿದ್ದ. ಪುಟ್ಟಿಯ ಆಫೀಸಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿದವರಿಲ್ಲ. ಅವಳು ಕೂತು ಹಾಕಿದ ಲೆಕ್ಕವನ್ನು ಸಾಹೇಬರು ಒಂದೇ ಗೀಟಿನಲ್ಲಿ ಕತ್ತರಿಸಿ ಗಿರಾಕಿಗೆ ಕೊಡುತ್ತಿದ್ದರು. ಆಮೇಲೆ ಕೆಲಸ ನಿಂತಾಗ, “ನಿನ್ನ ಅಂದಾಜೇ ತಪ್ಪು,” ಎಂದು ಅವಳ ಮೇಲೇ ಹಾಕುತ್ತಿದ್ದರು. ಇಲ್ಲೊಬ್ಬ, ಕಲ್ಪನೆಯ ಗೋಡೆಗೂ ಅವಳ ಮಾತನ್ನು ಕಣ್ಣರಳಿಸಿ ಕೇಳುತ್ತಿದ್ದ.

ಒಂದೇ ಒಂದು ತೊಂದರೆ ಇತ್ತು. ಆಟ ನಡೆಸುವವನು ಅಂತ ಎಲ್ಲರೂ ಅವನನ್ನು ‘ಯಜಮಾನ್ರೇ’ ಅನ್ನುತ್ತಿದ್ದರು. ಮನೆಯಲ್ಲಿ ಅಕ್ಕ ಭಾವನನ್ನು ಕರೆಯುವುದೂ ಹಾಗೆಯೇ! ನಾನು ಸತ್ತರೂ ಹಾಗೆ ಕರೆಯಲ್ಲ ಎಂದು ಪುಟ್ಟಿ ಅವನನ್ನು “ಇವರೇ”, “ಸ್ವಲ್ಪ ನೋಡಿ” ಅಂತಲೇ ಸಾಗಿಸಿದ್ದಳು. ಆದರೆ ಒಂದು ದಿನ, ದೆವ್ವ ಇರುವ ಬಂಗಲೆಗೆ ಅರ್ಧ ಬೆಲೆಯೋ ಮುಕ್ಕಾಲೋ ಎಂದು ಜಗಳ ಕಾವೇರಿದಾಗ…

“ಯಜಮಾನ್ರೇ, ನನ್ನ ಮಾತು ಸ್ವಲ್ಪ ಕೇಳ್ತೀರೋ ಇಲ್ವೋ!”

ಎಲ್ಲರೂ ಅವಳತ್ತ ತಿರುಗಿದರು.

“ಆಹಾ! ಸ್ವರಾನೂ ಅದೇ!” ಡ್ರೈವರ್ ಅಂಕಲ್ ಮೀಸೆ ತೀಡಿದರು. “ಮದುವೆ ಆದಾಗಿನಿಂದ ನಮ್ಮನೇಲಿ ಕೇಳ್ತಾ ಇರೋದು ಇದೇ ಸ್ವರ!”

ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನಂತೂ ದಾಳ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದವನು ಬಹಳ ಹೊತ್ತು ಮೇಲೆ ಬರಲೇ ಇಲ್ಲ.

ಅಂತೂ ಬೆಲೆಗಳೆಲ್ಲ ಸಿದ್ಧವಾದವು. ಕೋಟೆ ಹನ್ನೊಂದು ಸಾವಿರ ಚಿನ್ನದ ನಾಣ್ಯ. ಗೋಪುರ ನಾಲ್ಕು ಸಾವಿರ. ಒಂದು ಕಲ್ಲೂ ಅತ್ತಿತ್ತ ಇಲ್ಲದ ಲೆಕ್ಕ!

ಆ ಶನಿವಾರ ಪುಟ್ಟಿಗೆ ಆಫೀಸಿನ ಕೆಲಸ. ಅವಳಿಲ್ಲದೆಯೇ ಗುಂಪು ಹೊಸ ಬೆಲೆಗಳನ್ನು ಇಟ್ಟುಕೊಂಡು ಆಡಿತು. ಅದರ ಮುಂದಿನ ಶನಿವಾರ ಅವಳು ಓಡೋಡಿ ಬಂದಾಗ ಅಕ್ಕ ಕುಣಿಯುತ್ತಿದ್ದಳು.

“ಪುಟ್ಟೀ! ಕೋಟೆ ನಮ್ಮದಾಯ್ತು! ಎರಡು ಸಾವಿರಕ್ಕೆ!”

“ಎರಡು… ಸಾವಿರ?”

ಪುಟ್ಟಿ ಮೇಜಿನ ಮೇಲಿದ್ದ ಹಾಳೆ ನೋಡಿದಳು. ಒಂದೂ ಅವಳ ಬೆಲೆಯಲ್ಲ. ಎಲ್ಲವನ್ನೂ ಕಡಿದು ಕಡಿದು ಇಳಿಸಲಾಗಿತ್ತು. ಅವಳ ಕಣ್ಣಿಗೆ ಕಂಡಿದ್ದು ಸಾಹೇಬರ ಆ ಗೀಟು.

“ಯಾರು ಬದಲಾಯಿಸಿದ್ದು?”

“ನಾನು,” ಅವನು ಎದ್ದು ನಿಂತ. “ನಿಮಗೆ ಹೇಳೋಣ ಅಂತಲೇ ಇದ್ದೆ…”

“ಯಾವಾಗ? ಪುಸ್ತಕ ಅಚ್ಚಾದ ಮೇಲಾ?”

“ಹಾಗಲ್ಲ… ಹೋದ ವಾರ ಆಟ ಸರಿ ಹೋಗ್ಲಿಲ್ಲ. ಅಷ್ಟು ಬೆಲೆಗೆ ಯಾರೂ ಕೊಳ್ಳೋಕಾಗಲ್ಲ. ಇದು ಆಟ ಅಲ್ವಾ… ನಿಜವಾದ ಕಟ್ಟಡ ಏನೂ ಅಲ್ವಲ್ಲ!”

ಆ ಒಂದು ಮಾತು! ಆಡಿದ ಮರುಗಳಿಗೆಯೇ ಅವನಿಗೂ ಗೊತ್ತಾಯಿತು. ಆದರೆ ಪುಟ್ಟಿಯ ಮುಖ ಆಗಲೇ ಬಿಳಿಚಿಕೊಂಡಿತ್ತು.

“ಸರಿ ಬಿಡಿ. ನಾನೇ ಪೆದ್ದಿ. ಸುಳ್ಳು ಕೋಟೆಗೆ ನಿಜವಾಗ್ಲೂ ತಲೆ ಕೆಡಿಸ್ಕೊಂಡೆ.”

ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಹೊರಗೆ ಬಿಸಿಲು ಚೆನ್ನಾಗಿತ್ತು. ಅವಳಿಗೆ ಮಾತ್ರ ರಸ್ತೆ ಮಂಜುಮಂಜಾಗಿ ಕಾಣುತ್ತಿತ್ತು. ಇವನೂ ಅವರ ಹಾಗೆಯೇ… ಇವನೂ!

ಫೋನು ಬಂದರೆ ಎತ್ತಲಿಲ್ಲ. ಆದರೆ ರೈಲು ನಿಲ್ದಾಣವನ್ನು ಏನು ಮಾಡುವುದು? ಪ್ರತಿ ಬೆಳಿಗ್ಗೆ ಆ ಧ್ವನಿ ಮೇಲಿನಿಂದ ಸುರಿಯುತ್ತಿತ್ತು.

“ರೈಲು ತಡವಾಗಿ ಬರುತ್ತಿದೆ. ಉಂಟಾದ ತೊಂದರೆಗೆ… ವಿಷಾದಿಸುತ್ತೇವೆ.”

ಆ ‘ವಿಷಾದಿಸುತ್ತೇವೆ’ ಅನ್ನುವಾಗ ಧ್ವನಿ ನಡುಗಿತೇ? ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, “ಪಾಪ, ಯಾಕೋ ಈ ಹುಡುಗ ಇಷ್ಟೊಂದು ನೊಂದ್ಕೊಂಡಿದ್ದಾನೆ! ರೈಲು ತಾನೇ, ಇವತ್ತಲ್ಲ ನಾಳೆ ಬರುತ್ತೆ,” ಎಂದರು. ಪುಟ್ಟಿಗೆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ.

ಭಾನುವಾರ ಅಕ್ಕ ಅವಳನ್ನು ಊಟದ ಮೇಜಿಗೆ ಎಳೆದು ಕೂರಿಸಿದಳು. ಡ್ರೈವರ್ ಅಂಕಲ್ ಆಗಲೇ ಬಂದು ದಾಳ ಕುಲುಕುತ್ತಿದ್ದರು.

“ಅಲ್ಲ ಕಣೇ, ಇಷ್ಟೆಲ್ಲ ಬೆಲೆ ಕಟ್ಟಿದೆ. ಒಂದು ದಿನಾನಾದ್ರೂ ಆಡಿದ್ದೀಯಾ? ಇವತ್ತು ಕಥೆ ನಾನು ನಡೆಸ್ತೀನಿ, ನೀನು ಆಡು. ಬೆಲೆ ಎಲ್ಲ ನಿಂದೇ!”

ಬೇಡ ಬೇಡ ಅನ್ನುತ್ತಲೇ ಪುಟ್ಟಿ ಬಿಲ್ಲುಗಾರ್ತಿಯಾದಳು. ಮೊದಮೊದಲು ಬಿಗುಮಾನ. ಆಮೇಲೆ ಯಾವಾಗ ಕಥೆಯೊಳಗೆ ಜಾರಿದಳೋ! ಹಿಮದಲ್ಲಿ ನಡೆದಳು. ತೋಳಗಳ ಬಾಯಿಂದ ಕುಳ್ಳ ಕೊಳಲುಗಾರನನ್ನು ಬಿಡಿಸಿದಳು. ಸಿಕ್ಕ ನಾಣ್ಯಗಳನ್ನು ಸೆರಗಿಗೆ ಕಟ್ಟಿಕೊಂಡಷ್ಟು ಜೋಪಾನ ಮಾಡಿದಳು. ಗಾಯಗೊಂಡ ಇಬ್ಬರಿಗೂ ಮಲಗಲು ಛತ್ರದಲ್ಲಿ ಜಾಗ ಇಲ್ಲ ಎಂದು ಅಕ್ಕ ಹೇಳಿದಾಗ ಪುಟ್ಟಿಗೆ ನಿಜವಾಗಿಯೂ ಚಳಿಯಾಯಿತು.

“ನಮ್ಮದೇ ಒಂದು ಮನೆ ಇದ್ದಿದ್ರೆ… ಎಷ್ಟಾಗುತ್ತೆ?”

“ಗೋಪುರ ನಾಲ್ಕು ಸಾವಿರ. ನಿನ್ನ ಹತ್ರ ಇರೋದು ಅರವತ್ತು.”

“ಗೋಪುರ ಯಾರಿಗೆ ಬೇಕು! ಒಂದೇ ಒಂದು ರೂಮು ಸಾಕು. ಅಂಕಲ್ ಕಾಲು ಚಾಚೋಕೆ, ಒಂದು ಒಲೆ ಹಚ್ಚೋಕೆ…”

“ರೂಮು ಇಲ್ಲಮ್ಮ ಇದರಲ್ಲಿ. ಅಂದಾಜು ಮೇಡಂ ಬರೀ ಕೋಟೆ, ಗೋಪುರ, ಬಂಗಲೆ ಹಾಕಿದ್ದಾರೆ,” ಅಕ್ಕ ಕಣ್ಣು ಮಿಟುಕಿಸಿದಳು.

ಡ್ರೈವರ್ ಅಂಕಲ್ ಮೆಲ್ಲಗೆ ಹೇಳಿದರು: “ಅವತ್ತು ನೀನು ಬರದಿದ್ದ ಶನಿವಾರ ನಮಗೂ ಹೀಗೇ ಆಯ್ತು ಕಣಮ್ಮ. ಇಷ್ಟು ದುಡ್ಡು ಕೂಡಿಸೋಕೆ ಇನ್ನೊಂದು ಜನ್ಮ ಎತ್ತಬೇಕು ಅಂದೆ ನಾನು. ಎಲ್ಲರೂ ಸಪ್ಪಗಾಗಿ ಎದ್ದು ಹೋದ್ವಿ. ನಾನು ತಿರುಗಿ ಬಂದು ನೋಡಿದ್ರೆ ಅವನು ಒಬ್ಬನೇ ಕೂತಿದ್ದ. ‘ಪುಟ್ಟಿಗೆ ಇದನ್ನ ಹೇಗೆ ಹೇಳ್ಲಿ ಅಂಕಲ್, ಅಷ್ಟು ಪ್ರೀತಿಯಿಂದ ಮಾಡಿದ್ದಾಳೆ’ ಅಂತ. ಹೇಳೋ ಧೈರ್ಯ ಇಲ್ದೆ ಬೆಲೆ ಇಳಿಸಿದ. ಮಾಡಿದ್ದು ತಪ್ಪೇ. ಆದ್ರೆ ತಾತ್ಸಾರಕ್ಕಲ್ಲ.”

ಪುಟ್ಟಿ ಕೈಲಿದ್ದ ದಾಳವನ್ನು ಮೇಜಿನ ಮೇಲೆ ಇಟ್ಟಳು.

ನಾನು ಒಂದು ಸಲವಾದರೂ ಕೇಳಿದೆನಾ, ಆಟ ಹೇಗೆ ಕೆಟ್ಟಿತು ಅಂತ?

ಆ ಕ್ಷಣದಲ್ಲೇ ಅವಳಿಗೆ ಇನ್ನೊಂದು ಹೊಳೆಯಿತು. ತನ್ನ ಸೈಟುಗಳಲ್ಲಿ ದಿನಾ ನೋಡುವುದೇನು? ಎಷ್ಟೋ ಜನ ಮೊದಲು ಒಂದು ರೂಮು, ಒಂದು ಅಡಿಗೆಮನೆ ಎಬ್ಬಿಸಿ ಒಳಗೆ ಸೇರಿಕೊಳ್ಳುತ್ತಾರೆ. ಕೈಗೆ ಕಾಸು ಬಂದ ಹಾಗೆ ಪಡಸಾಲೆ, ಆಮೇಲೆ ಮಹಡಿ! ತನಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿದ್ದ ಸಂಗತಿ, ಕೋಟೆ ಕಟ್ಟುವ ಹುರುಪಿನಲ್ಲಿ ಮರೆತೇ ಹೋಗಿತ್ತಲ್ಲ!

ಬೆಳಗಾಗಲಿ, ನಾನೇ ಹೋಗಿ ಮಾತಾಡುತ್ತೇನೆ ಎಂದುಕೊಂಡಳು.

ಆದರೆ ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಬೇರೆ ಯಾರದೋ ಧ್ವನಿ. ಪುಟ್ಟಿಯ ಮನಸ್ಸು ಪಿಚ್ಚೆಂದಿತು. ಹುಷಾರಿಲ್ಲವೇ? ಕೆಲಸ ಬಿಟ್ಟನೇ?

ಹಾಗೇ ಯೋಚಿಸುತ್ತಾ ಸೈಟಿಗೆ ಬಂದರೆ, ಮಹಡಿ ಮೆಟ್ಟಿಲಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಒಬ್ಬ ತೂರಾಡುತ್ತಾ ಹತ್ತುತ್ತಿದ್ದ. ಮೈಯೆಲ್ಲ ಸಿಮೆಂಟು. ಅಂಗಿ ಮಾತ್ರ ಇಸ್ತ್ರಿ ಮಾಡಿದ್ದು!

“ನೀವಾ!”

“ನಾನೇ…” ಅವನು ಏದುಸಿರು ಬಿಟ್ಟ. “ನಿಮ್ಮ ಹತ್ರ ಮಾತಾಡೋಕೆ ನಿಮ್ಮಕ್ಕನಿಂದ ವಿಳಾಸ ತಗೊಂಡು, ರಜೆ ಹಾಕಿ ಬಂದೆ. ಗೇಟಿನಲ್ಲಿ ಮೇಸ್ತ್ರಿ, ‘ಇಷ್ಟು ಲೇಟಾಗಿ ಬರ್ತೀಯಾ, ಹೊರು ಇಟ್ಟಿಗೆ’ ಅಂದ್ರು. ಬೇರೆ ಮಾತಿಗೆ ಅವಕಾಶಾನೇ ಕೊಡ್ಲಿಲ್ಲ.”

“ಅಲ್ಲ ಮೇಡಂ, ಇವತ್ತು ಬರಬೇಕಾದ ಹೊಸ ಆಳು ಇವನಲ್ವಾ?” ಮೇಸ್ತ್ರಿ ಮೇಲಿನಿಂದ ಇಣುಕಿದ. “ನಾನು ಆಗ್ಲಿಂದ ಅಂದ್ಕೊಳ್ತಾ ಇದ್ದೆ, ಇಷ್ಟು ನಾಜೂಕಾಗಿ ಇಟ್ಟಿಗೆ ಇಡೋನು ಎಲ್ಲಿಂದ ಬಂದ ಅಂತ!”

ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವನ ಅಂಗೈ ನೋಡಿದಳು. ಬೊಬ್ಬೆ ಎದ್ದಿತ್ತು. ನಗು ನಿಂತಿತು.

ಅವನನ್ನು ಇಟ್ಟಿಗೆ ರಾಶಿಯ ಮೇಲೆ ಕೂರಿಸಿ ಕೈಗೆ ನೀರು ಹಾಕಿದಳು.

“ಉರೀತಿದೆಯಾ?”

“ಹೂಂ. ಅರ್ಧ ಗೋಡೆಗೇ ಹೀಗೆ…” ಅವನು ತಲೆ ತಗ್ಗಿಸಿದ. “ನಿಜವಾದ ಕಟ್ಟಡ ಅಲ್ವಲ್ಲ ಅಂದುಬಿಟ್ಟೆ ನಾನು. ನಿಮ್ಮ ಒಂದೊಂದು ಬೆಲೆಯ ಹಿಂದೆ ಇಂಥ ಕೈಗಳಿವೆ ಅಂತ ಯೋಚನೆನೇ ಮಾಡ್ಲಿಲ್ಲ. ಕೇಳದೆ ಬದಲಾಯಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನಿಮಗೆ ನೋವಾಗುತ್ತೆ ಅಂತ ಹೆದರಿ, ಇನ್ನೂ ಜಾಸ್ತಿ ನೋವು ಕೊಟ್ಟೆ.”

ಪುಟ್ಟಿ ನೀರಿನ ಚೊಂಬು ಕೆಳಗಿಟ್ಟಳು. “ನಂದೂ ತಪ್ಪಿದೆ. ನಿನ್ನೆ ನಾನು ಆಡಿದೆ.”

“ನೀವಾ? ಆಟಾನಾ?”

“ನನ್ನ ಬೆಲೆಗೆ ನಂಗೇ ಒಂದು ಸೂರು ಸಿಗ್ಲಿಲ್ಲ. ಅಳು ಬಂತು ಗೊತ್ತಾ! ಕೇಳಿ ಇಲ್ಲಿ… ಬೆಲೆ ಇಳಿಸೋದು ಬೇಡ. ಬಿಡಿಸೋಣ. ಮೊದಲು ಒಂದು ರೂಮು, ಒಂದು ಒಲೆ. ಐವತ್ತು ನಾಣ್ಯ. ಆಮೇಲೆ ಒಂದೊಂದೇ ಸೇರಿಸ್ಕೊಂಡು ಹೋಗ್ಲಿ. ಕಿಟಕಿ, ಕುದುರೆ ಲಾಯ, ಗೋಪುರ… ವರ್ಷಗಟ್ಟಲೆ ಆಡಿದವರಿಗೆ ಕೋಟೆ!”

ಅವನು ಬಾಯಿ ತೆರೆದು ಅವಳನ್ನೇ ನೋಡಿದ. ಆಮೇಲೆ ಧಡಕ್ಕನೆ ಎದ್ದ.

“ಪುಟ್ಟೀ… ಅಲ್ಲ, ಮೇಡಂ… ಇದೇ! ಇಷ್ಟು ತಿಂಗಳಿಂದ ಹುಡುಕ್ತಾ ಇದ್ದಿದ್ದು ಇದನ್ನೇ!”

“ಮೇಡಂ, ಇಟ್ಟಿಗೆ ಬರ್ತಾ ಇಲ್ಲ!” ಮೇಲಿನಿಂದ ಮೇಸ್ತ್ರಿ ಕೂಗಿದ. ಇಬ್ಬರೂ ಮತ್ತೆ ನಕ್ಕರು.

ಮೇಳದ ದಿನ ದೊಡ್ಡ ಸಭಾಂಗಣದ ತುಂಬ ಮೇಜುಗಳು, ಗದ್ದಲ. ಪ್ರಕಾಶಕಿ ಬಂದರು. ನಕ್ಕರೆ ತೆರಿಗೆ ಬೀಳುತ್ತದೆ ಅನ್ನುವ ಹಾಗಿದ್ದ ಮುಖ. ಬೇಟೆಗಾರ್ತಿಯ ಪಾತ್ರ ತೆಗೆದುಕೊಂಡು ನೆಟ್ಟಗೆ ಕೂತರು. ಅಕ್ಕ ಮತ್ತು ಡ್ರೈವರ್ ಅಂಕಲ್ ಜೊತೆಗಾರರು. ಪುಟ್ಟಿ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

ಮೊದಲ ಸಾಹಸ ಮುಗಿಯಿತು. ಮೂವರೂ ನಾಣ್ಯ ಕೂಡಿಸಿ ಒಂದು ರೂಮು, ಒಂದು ಒಲೆ ಕಟ್ಟಿಕೊಂಡರು.

ಪ್ರಕಾಶಕಿ ಬೆಲೆಗಳ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಪೂರ್ವಕ್ಕೆ ಒಂದು ಕಿಟಕಿ ಇಟ್ರೆ ಎಷ್ಟು?” ಎಂದರು.

“ಮರದ ಬಾಗಿಲು ಸೇರಿ ಎಂಟು ನಾಣ್ಯ,” ಪುಟ್ಟಿ ಥಟ್ಟನೆ ಹೇಳಿದಳು.

“ಇಡಿ. ಹೊರಗೆ ಕೂರೋಕೆ ಒಂದು ಜಗಲಿ?”

“ಹನ್ನೆರಡು.”

“ಅದೂ ಇರಲಿ!”

ಮುಂದಿನ ಸಾಹಸದಲ್ಲಿ ರಾಕ್ಷಸನೊಬ್ಬ ಆ ಪುಟ್ಟ ಮನೆಯತ್ತ ಬಂಡೆ ಎತ್ತಿದ. ಪ್ರಕಾಶಕಿ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತರು.

“ಏಯ್! ನನ್ನ ಕಿಟಕಿ ಮುಟ್ಟಿದ್ರೆ ನೋಡು!”

ಸಭಾಂಗಣದ ಅರ್ಧ ಜನ ತಿರುಗಿ ನೋಡಿದರು. ಅವರೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದರು. ಅಕ್ಕ ಶಿಳ್ಳೆ ಹೊಡೆದಳು. ತಾನು ಡಾಕ್ಟರು ಅನ್ನುವುದನ್ನೂ ನೋಡದೆ!

“ಪುಸ್ತಕ ಮಾಡೋಣ,” ಪ್ರಕಾಶಕಿ ಅಂದರು. “ಮನೆಗಳ ಅಧ್ಯಾಯ ಯಾರು ಬರೆದಿದ್ದು?”

“ಇವರು,” ಅವನು ಪುಟ್ಟಿಯನ್ನು ತೋರಿಸಿದ.

“ಇಬ್ಬರೂ,” ಪುಟ್ಟಿ ಅಂದಳು.

ಸಂಭ್ರಮವೆಲ್ಲ ಮುಗಿದು, ಸಭಾಂಗಣದ ಹಿಂದಿನ ಓಣಿಯಲ್ಲಿ, ಮಡಚಿಟ್ಟ ಕುರ್ಚಿಗಳ ನಡುವೆ ಇಬ್ಬರೇ ಉಳಿದರು. ಪಕ್ಕದ ಕಿಟಕಿಯಿಂದ ಸಂಜೆಯ ಬಿಸಿಲು ಬೀಳುತ್ತಿತ್ತು. ಅವನು ಒಂದು ಕುರ್ಚಿಯನ್ನು ಬಿಡಿಸಿದ, ಮತ್ತೆ ಮಡಚಿದ.

“ಹೇಳಿ,” ಪುಟ್ಟಿ ಅಂದಳು.

“ಪುಸ್ತಕ ಮುಗೀತು. ಇನ್ನು ಶನಿವಾರ ನಿಮ್ಮನ್ನ ಕರೆಯೋಕೆ ನಂಗೆ ಕಾರಣ ಇಲ್ಲ.”

“ಅದಕ್ಕೆ?”

“ಅದಕ್ಕೆ… ಕಾರಣ ಇಲ್ದೇನೇ ಕರೀಬೇಕು ಅಂತ ಆಸೆ. ಶನಿವಾರ ಒಂದೇ ಅಲ್ಲ. ಭಾನುವಾರ, ಸೋಮವಾರ… ಎಲ್ಲಾ ವಾರಾನೂ. ನಂಗೆ ನೀವಂದ್ರೆ ತುಂಬಾ ಇಷ್ಟ. ಅವತ್ತು ಬಾಗಿಲಲ್ಲಿ ನಿಂತು ಬೈದ್ರಲ್ಲ, ಅವತ್ತಿಂದ.”

ಪುಟ್ಟಿಯ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗು.

“ನಂಗೆ ಸೋಮವಾರದಿಂದ.”

“ಯಾವ ಸೋಮವಾರ?”

“ಒಂದು ರೈಲು ತಪ್ಪಿಹೋಯ್ತು, ಆ ಸೋಮವಾರ. ಆ ಕಥೆ ಇನ್ನೊಂದು ದಿನ ಹೇಳ್ತೀನಿ.”

ಅವನು ಮೆಲ್ಲಗೆ ಕೈ ಚಾಚಿದ. ಬೊಬ್ಬೆ ಮಾಗಿದ ಆ ಅಂಗೈಯಲ್ಲಿ ಅವಳು ತನ್ನ ಕೈ ಇಟ್ಟಳು.

“ಇನ್ಮೇಲೆ ನನ್ನನ್ನ ‘ನೀವು’, ‘ಮೇಡಂ’ ಎಲ್ಲ ಅನ್ನಬಾರದು,” ಪುಟ್ಟಿ ಅಂದಳು.

“ನೀವೂ ಅನ್ನಬಾರದು.”

“ಹಾಗಾದ್ರೆ ಮೊದಲು ನೀವೇ ಶುರು ಮಾಡಿ.”

“ನಂಗೆ ನಾಚಿಕೆ ಆಗುತ್ತೆ. ನೀನೇ ಶುರು ಮಾಡು.”

ಪುಟ್ಟಿ ಕಣ್ಣರಳಿಸಿದಳು. “‘ನೀನು’ ಅಂದುಬಿಟ್ಟೆ ನೋಡು!”

“ನೀನೂ ಅಂದೆ!”